ಬೆಸುಗೆಯಲ್ಲಿರುವ ಆ ಒಂದು ಫಾಸ್ಫೇಟ್ ಎಲ್ಲಿಯದು?

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿ ನನಗೆ ವಹಿಸಿದ್ದ ಕೆಲಸ ಮೇಲ್ನೋಟಕ್ಕೆ ತೀರಾ ಸರಳವಾಗಿತ್ತು. ಆರ್‌ಎನ್‌ಎಯ ಎರಡು ಚಿಕ್ಕ ತುಂಡುಗಳನ್ನು ಟಿ4 ಆರ್‌ಎನ್‌ಎ ಲೈಗೇಸ್ ಎಂಬ ಕಿಣ್ವದ ನೆರವಿನಿಂದ ಬೆಸೆಯಬೇಕು, ಜೆಲ್‌ನಲ್ಲಿ ಓಡಿಸಿ ಉದ್ದನೆಯ ತುಂಡಿನ ಗೆರೆ ಮೂಡಿದೆಯೇ ಎಂದು ನೋಡಬೇಕು, ಅಷ್ಟೆ. ಮೂರು ವಾರ ಕಳೆದರೂ ಆ ಗೆರೆ ಮೂಡಲಿಲ್ಲ. ಕಿಣ್ವ ಕೆಟ್ಟಿರಬಹುದೆಂದು ಹೊಸದನ್ನು ತರಿಸಿದೆ, ಕಿಣ್ವಕ್ಕೆ ಶಕ್ತಿ ಒದಗಿಸುವ ಎಟಿಪಿಯ ದ್ರಾವಣವನ್ನು ಬದಲಿಸಿದೆ, ಉಷ್ಣಾಂಶವನ್ನು ಇಳಿಸಿ ರಾತ್ರಿಯಿಡೀ ಬಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಪಕ್ಕದ ಮೇಜಿನ ಹಿರಿಯ ಸಂಶೋಧಕಿಯೊಬ್ಬರು ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು: "ಈ ತುಂಡುಗಳ ತುದಿಯಲ್ಲಿ ಏನಿದೆ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇಂದು ಆರ್‌ಎನ್‌ಎ ಲೈಗೇಸ್‌ಗಳ ಬಗ್ಗೆ ಬರೆಯಲು ಕೂತಾಗಲೂ ಆ ಪ್ರಶ್ನೆಯಿಂದಲೇ ಆರಂಭಿಸಬೇಕೆನಿಸುತ್ತದೆ, ಏಕೆಂದರೆ ಈ ಕಿಣ್ವಗಳ ಕುರಿತು ಅರ್ಧ ಶತಮಾನದಲ್ಲಿ ತಿಳಿದುಬಂದ ಬಹುಪಾಲು ಸಂಗತಿಗಳು ಅದೇ ಪ್ರಶ್ನೆಗೆ ಸಿಕ್ಕ ಉತ್ತರಗಳು.

ಆರ್‌ಎನ್‌ಎ ಎಂಬುದು ರೈಬೋಸ್ ಸಕ್ಕರೆಗಳನ್ನು ಫಾಸ್ಫೇಟ್‌ಗಳಿಂದ ಪೋಣಿಸಿದ ಸರ. ಒಂದು ಸಕ್ಕರೆಯ ಮೂರನೆಯ ಇಂಗಾಲಕ್ಕೂ ಮುಂದಿನ ಸಕ್ಕರೆಯ ಐದನೆಯ ಇಂಗಾಲಕ್ಕೂ ನಡುವೆ ಒಂದು ಫಾಸ್ಫೇಟ್ ಕೊಂಡಿಯಾಗಿ ನಿಲ್ಲುತ್ತದೆ. ಸರ ಕಡಿದಾಗ ಆ ಕೊಂಡಿ ಯಾವ ಕಡೆ ಉಳಿಯಿತು ಎಂಬುದು ಮುಖ್ಯ. ಕೆಲವು ಕಿಣ್ವಗಳು ಕಡಿದಾಗ ಫಾಸ್ಫೇಟ್ 5′ ತುದಿಯಲ್ಲಿ, ಅಂದರೆ ಐದನೆಯ ಇಂಗಾಲದ ಕಡೆ, ಉಳಿದು, 3′ ತುದಿಯಲ್ಲಿ, ಅಂದರೆ ಮೂರನೆಯ ಇಂಗಾಲದ ಕಡೆ, ಬರಿಯ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕ ಜೋಡಿ) ಇರುತ್ತದೆ. ಇನ್ನು ಕೆಲವು ಸಲ, ರೈಬೋಸಿನ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಪಕ್ಕದ ಕೊಂಡಿಯ ಮೇಲೆ ತಾನೇ ಎರಗಿ ಸರವನ್ನು ತುಂಡರಿಸುತ್ತದೆ; ಆಗ ಫಾಸ್ಫೇಟ್ 3′ ಕಡೆಗೇ ಉಳಿದು, ಎರಡನೆಯ ಮತ್ತು ಮೂರನೆಯ ಇಂಗಾಲಗಳೆರಡನ್ನೂ ಹಿಡಿದ ಚಕ್ರೀಯ ಫಾಸ್ಫೇಟ್ ಆಗುತ್ತದೆ, 5′ ತುದಿ ಹೈಡ್ರಾಕ್ಸಿಲ್‌ನೊಂದಿಗೆ ಬರಿದಾಗಿ ನಿಲ್ಲುತ್ತದೆ. ನಾನು ನನ್ನ ತುಂಡುಗಳನ್ನು ತಯಾರಿಸಿದ್ದು ತನ್ನನ್ನು ತಾನೇ ಕತ್ತರಿಸಿಕೊಳ್ಳುವ ರೈಬೋಜೈಮ್, ಅಂದರೆ ಕಿಣ್ವದಂತೆ ವರ್ತಿಸುವ ಆರ್‌ಎನ್‌ಎ, ಒಂದರಿಂದ. ಹಾಗಾಗಿ ಅವುಗಳ ತುದಿಗಳು ಎರಡನೆಯ ಬಗೆಯವು. ನಾನು ಹಾಕುತ್ತಿದ್ದ ಲೈಗೇಸ್ ಬಯಸುವುದು ಮೊದಲನೆಯ ಬಗೆಯವನ್ನು.

ಆ ಲೈಗೇಸ್ ವರದಿಯಾದದ್ದು 1972ರಲ್ಲಿ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಸಿಲ್ಬರ್, ಮಾಲತಿ ಮತ್ತು ಹರ್ವಿಟ್ಸ್ ಎಂಬ ಮೂವರು, ಟಿ4 ಎಂಬ ಫೇಜ್, ಅಂದರೆ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್, ಹೊಕ್ಕ ಇ. ಕೋಲಿ ಬ್ಯಾಕ್ಟೀರಿಯಾಗಳಿಂದ ಅದನ್ನು ಶುದ್ಧೀಕರಿಸಿದರು. ಅದರ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಕಿಣ್ವದಲ್ಲಿರುವ ಲೈಸೀನ್ ಎಂಬ ಒಂದು ಅಮೈನೊ ಆಮ್ಲ ಮೊದಲು ಎಟಿಪಿಯನ್ನು ಮುರಿದು ಅದರ ಎಎಂಪಿ ಭಾಗವನ್ನು ತನಗೆ ಅಂಟಿಸಿಕೊಳ್ಳುತ್ತದೆ. ಬಳಿಕ ಆ ಎಎಂಪಿಯನ್ನು ಆರ್‌ಎನ್‌ಎಯ 5′ ಫಾಸ್ಫೇಟ್‌ನ ಮೇಲೆ ಕೂರಿಸುತ್ತದೆ, ಇದರಿಂದ ಆ ತುದಿ ಪ್ರತಿಕ್ರಿಯೆಗೆ ಸಜ್ಜಾಗುತ್ತದೆ. ಕೊನೆಗೆ ಇನ್ನೊಂದು ತುಂಡಿನ 3′ ಹೈಡ್ರಾಕ್ಸಿಲ್ ಬಂದು ಎರಗಿದಾಗ ಎಎಂಪಿ ಕಳಚಿಕೊಂಡು, ಎರಡು ತುದಿಗಳ ನಡುವೆ ಎಂದಿನ ಕೊಂಡಿ ಮರಳಿ ಬರುತ್ತದೆ. ಡಿಎನ್‌ಎ ಲೈಗೇಸ್‌ಗಳೂ ಎಂಆರ್‌ಎನ್‌ಎಗೆ, ಅಂದರೆ ಪ್ರೋಟೀನ್ ತಯಾರಿಕೆಯ ಸಂದೇಶ ಹೊರುವ ಆರ್‌ಎನ್‌ಎಗೆ, ಟೊಪ್ಪಿಗೆ ತೊಡಿಸುವ ಕಿಣ್ವಗಳೂ ಲೈಸೀನ್‌ನ ಇದೇ ವಿದ್ಯೆಯನ್ನು ಬಲ್ಲವು. ಇವೆಲ್ಲ ಒಂದೇ ಮನೆತನದ ಕವಲುಗಳು.

ಆದರೆ ಒಂದು ವೈರಸ್‌ಗೆ ಆರ್‌ಎನ್‌ಎ ಬೆಸೆಯುವ ಕಿಣ್ವ ಏಕೆ ಬೇಕು? ಟಿ4ನ ಜೀನೋಮ್ ಡಿಎನ್‌ಎ. 1977ರಲ್ಲಿ ಈ ಕಿಣ್ವವೇ ಫೇಜಿನ ಬಾಲದ ಎಳೆಗಳನ್ನು ಅದರ ತಳಫಲಕಕ್ಕೆ ಜೋಡಿಸಲು ನೆರವಾಗುವ ಪ್ರೋಟೀನ್ ಎಂದು ಗೊತ್ತಾದಾಗ ಒಗಟು ಇನ್ನಷ್ಟು ಗೋಜಲಾಯಿತು, ಏಕೆಂದರೆ ಬಾಲ ಕಟ್ಟುವ ಕೆಲಸಕ್ಕೂ ಆರ್‌ಎನ್‌ಎಗೂ ಸಂಬಂಧವೇ ಇಲ್ಲ. ಉತ್ತರವನ್ನು 1980ರ ದಶಕದಲ್ಲಿ ಬಿಡಿಸಿಟ್ಟವರು ಟೆಲ್ ಅವೀವ್‌ನ ಗೇಬ್ರಿಯಲ್ ಕೌಫ್‌ಮನ್ ಮತ್ತು ಅವರ ಸಂಗಡಿಗರು. ನನಗೆ ಇಡೀ ಜೀವವಿಜ್ಞಾನದಲ್ಲಿ ಅಚ್ಚುಮೆಚ್ಚಿನ ಕಥನಗಳಲ್ಲಿ ಇದೂ ಒಂದಾದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಇ. ಕೋಲಿಯ ಕೆಲವು ತಳಿಗಳು ಪರಕೀಯ ಡಿಎನ್‌ಎಯನ್ನು ಕತ್ತರಿಸುವ ಒಂದು ಕಿಣ್ವಸಂಕೀರ್ಣವನ್ನು ಕಾವಲಿಗೆ ಇಟ್ಟುಕೊಂಡಿರುತ್ತವೆ. ಟಿ4 ಒಳನುಗ್ಗಿದ ಕೂಡಲೇ ಸ್ಟಿಪಿ ಎಂಬ, ಕೇವಲ 26 ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡನ್ನು ಬಿಟ್ಟು ಆ ಕಾವಲುಗಾರನ ಕೈಕಟ್ಟುತ್ತದೆ. ಬ್ಯಾಕ್ಟೀರಿಯಾ ಇದನ್ನು ನಿರೀಕ್ಷಿಸಿಯೇ ಇದೆ. ಕಾವಲು ಸಂಕೀರ್ಣದೊಳಗೆ ಪಿಆರ್‌ಆರ್‌ಸಿ ಎಂಬ ಇನ್ನೊಂದು ಕಿಣ್ವ ಸುಪ್ತವಾಗಿ ಅಡಗಿರುತ್ತದೆ. ಸ್ಟಿಪಿ ಬಂದು ತಗುಲಿದ್ದೇ ಅದು ಎಚ್ಚೆತ್ತು, ಲೈಸೀನನ್ನು ಹೊತ್ತು ತರುವ ಟಿಆರ್‌ಎನ್‌ಎಯನ್ನು ಅದರ ಪ್ರತಿಸಂಕೇತದ ಬಳಿಯೇ ಕತ್ತರಿಸಿಬಿಡುತ್ತದೆ. ಲೈಸೀನ್ ಇಲ್ಲದೆ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ, ಆ ಕೋಶ ಸಾಯುತ್ತದೆ, ಜೊತೆಗೆ ವೈರಸ್‌ನ ಸಂತತಿಯೂ ಅಲ್ಲಿಗೇ ಮುಗಿಯುತ್ತದೆ, ಸುತ್ತಲಿನ ಬಂಧುಕೋಶಗಳು ಉಳಿಯುತ್ತವೆ. ಟಿ4 ಇದಕ್ಕೂ ಪ್ರತ್ಯುತ್ತರ ಇಟ್ಟುಕೊಂಡಿದೆ. ಪಿಆರ್‌ಆರ್‌ಸಿ ಕತ್ತರಿಸಿದ ಜಾಗದಲ್ಲಿ ಚಕ್ರೀಯ ಫಾಸ್ಫೇಟ್ ಮತ್ತು 5′ ಹೈಡ್ರಾಕ್ಸಿಲ್ ಇರುತ್ತವೆ. ಫೇಜಿನ ಪಾಲಿನ್ಯೂಕ್ಲಿಯೋಟೈಡ್ ಕೈನೇಸ್ ಮೊದಲು ಚಕ್ರೀಯ ಫಾಸ್ಫೇಟನ್ನು ತೆಗೆದುಹಾಕಿ ಅಲ್ಲಿ ಹೈಡ್ರಾಕ್ಸಿಲ್ ಉಳಿಸುತ್ತದೆ, ಆಚೆಯ 5′ ತುದಿಗೆ ಎಟಿಪಿಯಿಂದ ಹೊಸ ಫಾಸ್ಫೇಟ್ ತಂದಿಡುತ್ತದೆ. ಈಗ ತುದಿಗಳು ಲೈಗೇಸ್‌ಗೆ ಒಪ್ಪುವಂತಾದವು; ಅದು ಬಂದು ಬೆಸೆದಾಗ ಟಿಆರ್‌ಎನ್‌ಎ ಮೊದಲಿನಂತೆಯೇ ಆಗುತ್ತದೆ.

ಆ ಹಿರಿಯ ಸಂಶೋಧಕಿ ನನಗೆ ಸೂಚಿಸಿದ್ದೂ ಇದನ್ನೇ. ತುಂಡುಗಳನ್ನು ಮೊದಲು ಟಿ4ನದೇ ಕೈನೇಸ್‌ನೊಂದಿಗೆ ಇಟ್ಟು, ಬಳಿಕ ಲೈಗೇಸ್ ಹಾಕಿದೆ. ಮರುದಿನ ಬೆಳಿಗ್ಗೆ ಗೆರೆ ಮೂಡಿತ್ತು. ಈ ಎರಡು ಕಿಣ್ವಗಳನ್ನು ಬೇರೆ ಬೇರೆ ಪುಟ್ಟ ಸೀಸೆಗಳಲ್ಲಿ ಕೊಂಡುಕೊಳ್ಳುವ ನಮಗೆ, ಅವು ಒಂದೇ ಯುದ್ಧದಲ್ಲಿ ಒಂದರ ಹಿಂದೊಂದು ಕೆಲಸ ಮಾಡುವ ಜೋಡಿ ಎಂಬುದು ಸುಲಭವಾಗಿ ಮರೆತುಹೋಗುತ್ತದೆ.

ವೈರಸ್‌ಗಳ ಕಾದಾಟವನ್ನು ಬಿಟ್ಟು ನಮ್ಮಂತೆ ಕೋಶಕೇಂದ್ರವುಳ್ಳ ಜೀವಿಗಳ ಕಡೆಗೆ ಬಂದರೆ, ಅಲ್ಲಿ ಈ ಬೆಸುಗೆ ದಿನನಿತ್ಯದ ಅಗತ್ಯ. ತರಗತಿಯಲ್ಲಿ ಇಂಟ್ರಾನ್, ಅಂದರೆ ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಬೇಕಾದ ನಡುವಿನ ತುಂಡು, ಎಂದಾಗ ಎಲ್ಲರ ಮನಸ್ಸಿಗೂ ಬರುವುದು ಎಂಆರ್‌ಎನ್‌ಎ ಮತ್ತು ಅದನ್ನು ಕತ್ತರಿಸಿ ಕೂಡಿಸುವ ಸ್ಪ್ಲೈಸಿಯೋಸೋಮ್. ಅಲ್ಲಿ ಪ್ರತ್ಯೇಕ ಲೈಗೇಸ್ ಬೇಕಿಲ್ಲ, ಕತ್ತರಿಸುವುದೂ ಜೋಡಿಸುವುದೂ ಒಂದೇ ಯಂತ್ರದೊಳಗಿನ ಸರಣಿ ಪ್ರತಿಕ್ರಿಯೆ. ಆದರೆ ಟಿಆರ್‌ಎನ್‌ಎಗಳಲ್ಲಿಯೂ ಇಂಟ್ರಾನ್‌ಗಳಿವೆ ಎಂಬುದು 1977ರಲ್ಲೇ ಯೀಸ್ಟಿನಲ್ಲಿ ಗೊತ್ತಾಯಿತು, ಮತ್ತು ಅವುಗಳ ದಾರಿ ಪೂರ್ತಿ ಬೇರೆ. ಯೀಸ್ಟಿನ 10 ಬಗೆಯ ಟಿಆರ್‌ಎನ್‌ಎಗಳಿಗೆ ಇಂಟ್ರಾನ್ ಉಂಟು. ಉದಾಹರಣೆಗೆ ಟೈರೋಸಿನ್ ಹೊರುವ ಟಿಆರ್‌ಎನ್‌ಎಯ ಒಂದು ಜೀನೂ ಇಂಟ್ರಾನ್ ಇಲ್ಲದೆ ಇಲ್ಲ. ನಾಲ್ಕು ಪ್ರೋಟೀನ್‌ಗಳು ಕೂಡಿದ ಒಂದು ಕಿಣ್ವ ಇಂಟ್ರಾನಿನ ಎರಡೂ ಬದಿಗಳಲ್ಲಿ ಕತ್ತರಿಸಿ, ಚಕ್ರೀಯ ಫಾಸ್ಫೇಟ್ ಮತ್ತು 5′ ಹೈಡ್ರಾಕ್ಸಿಲ್ ಇರುವ ಎರಡು ಅರ್ಧಗಳನ್ನು ಬಿಟ್ಟು ಹೋಗುತ್ತದೆ. ಅವನ್ನು ಕೂಡಿಸದಿದ್ದರೆ ಕೋಶಕ್ಕೆ ಟೈರೋಸಿನ್ ಪೂರೈಕೆಯೇ ಇಲ್ಲ.

ಯೀಸ್ಟಿನಲ್ಲಿ ಕೂಡಿಸುವುದು ಟಿಆರ್‌ಎಲ್1 ಎಂಬ ಕಿಣ್ವ. ಟಿ4 ಎರಡು ಕಿಣ್ವಗಳಿಂದ ಮಾಡುವ ಕೆಲಸವನ್ನು ಇದು ಒಂದೇ ಪ್ರೋಟೀನಿನ ಮೂರು ಭಾಗಗಳಲ್ಲಿ ಮಾಡುತ್ತದೆ: ಒಂದು ಭಾಗ ಚಕ್ರೀಯ ಫಾಸ್ಫೇಟನ್ನು ಬಿಡಿಸುತ್ತದೆ, ಇನ್ನೊಂದು 5′ ತುದಿಗೆ ಎಟಿಪಿಯ ಸೋದರ ಅಣುವಾದ ಜಿಟಿಪಿಯಿಂದ ಫಾಸ್ಫೇಟ್ ಇಡುತ್ತದೆ, ಮೂರನೆಯದು ಎಟಿಪಿ ಬಳಸಿ ಬೆಸೆಯುತ್ತದೆ. ಒಂದು ವ್ಯತ್ಯಾಸವಿದೆ. ಚಕ್ರೀಯ ಫಾಸ್ಫೇಟನ್ನು ಟಿಆರ್‌ಎಲ್1 ಪೂರ್ತಿ ತೆಗೆಯುವುದಿಲ್ಲ, ಎರಡನೆಯ ಇಂಗಾಲದ ಮೇಲೆ ಸರಿಸಿ ಅಲ್ಲೇ ಬಿಡುತ್ತದೆ. ಹೀಗಾಗಿ ಬೆಸುಗೆ ಮುಗಿದ ಮೇಲೂ ಆ ಜಾಗದಲ್ಲಿ ಒಂದು ಹೆಚ್ಚುವರಿ ಫಾಸ್ಫೇಟ್ ಗಂಟಿನಂತೆ ಉಳಿದಿರುತ್ತದೆ, ಅದನ್ನು ತೆಗೆಯಲು ಟಿಪಿಟಿ1 ಎಂಬ ಮತ್ತೊಂದು ಕಿಣ್ವ ಎನ್‌ಎಡಿ ಅಣುವನ್ನು ವ್ಯಯಿಸಬೇಕಾಗುತ್ತದೆ. ಇಂಥದೇ ಬೆಸುಗೆಯನ್ನು 1981ರಲ್ಲಿ ಗೋಧಿಯ ಮೊಳಕೆಯ ಸಾರದಲ್ಲಿ ಕಂಡಿದ್ದರು. ಸಸ್ಯಗಳದೂ ಇದೇ ದಾರಿ.

ಇಲ್ಲಿ ಗಮನಿಸಬೇಕಾದದ್ದು, ಬೆಸುಗೆಯ ಕೊಂಡಿಯಲ್ಲಿ ಈಗ ಕೂತಿರುವ ಫಾಸ್ಫೇಟ್ ಆ ಆರ್‌ಎನ್‌ಎಯದೇ ಅಲ್ಲ, ಅದು ಜಿಟಿಪಿಯಿಂದ ಬಂದದ್ದು. ಪಾಠ ಮಾಡುವಾಗ ನಾನು ಇದನ್ನು ಶಾಲೆಯಲ್ಲಿ ಕಲಿತ ಆಗಮಸಂಧಿಗೆ ಹೋಲಿಸುತ್ತೇನೆ. 'ಮನೆ' ಮತ್ತು 'ಅನ್ನು' ಸೇರಿ 'ಮನೆಯನ್ನು' ಆದಾಗ, ಎರಡು ಪದಗಳಲ್ಲೂ ಇಲ್ಲದ ಯಕಾರ ಹೊರಗಿನಿಂದ ಬಂದು ನಡುವೆ ಕೂರುತ್ತದೆಯಲ್ಲ, ಯೀಸ್ಟಿನ ಬೆಸುಗೆಯೂ ಹಾಗೆಯೇ. ಕನ್ನಡದ ವಿದ್ಯಾರ್ಥಿಗಳಿಗೆ ಇದು ಕೂಡಲೇ ಹಿಡಿಸುತ್ತದೆ, ಮತ್ತು ಮುಂದಿನ ಸಂಗತಿ ಏಕೆ ವಿಚಿತ್ರವೆಂಬುದೂ ಆಗ ಅರ್ಥವಾಗುತ್ತದೆ.

1983ರಲ್ಲಿ ಎರಡು ಗುಂಪುಗಳು ಮನುಷ್ಯರ ಹೀಲಾ ಕೋಶಗಳ ಸಾರದಲ್ಲಿ ಇದೇ ಪ್ರಶ್ನೆಯನ್ನು ಕೇಳಿದವು. ಒಂದರಲ್ಲಿ ನ್ಯೂಜೆರ್ಸಿಯ ವಿಟೋಲ್ಡ್ ಫಿಲಿಪೋವಿಚ್ ಮತ್ತು ಆರನ್ ಶಾಟ್ಕಿನ್ ಇದ್ದರು, ಎಂಐಟಿಯ ಇನ್ನೊಂದರಲ್ಲಿ ಮುಂದೆ ಬೇರೆ ಬೇರೆ ಕೆಲಸಗಳಿಗಾಗಿ ನೊಬೆಲ್ ಪಡೆದ ಆಂಡ್ರ್ಯೂ ಫೈರ್ ಮತ್ತು ಫಿಲಿಪ್ ಶಾರ್ಪ್, ಹಾಗೂ ಉತ್ತಮ್ ರಾಜಭಂಡಾರಿ ಇದ್ದರು. ವಿಕಿರಣಶೀಲ ಫಾಸ್ಫರಸ್ಸಿನ ಗುರುತು ಹಾಕಿ ನೋಡಿದಾಗ, ಬೆಸುಗೆಯ ಫಾಸ್ಫೇಟ್ ಹೊರಗಿನಿಂದ ಬಂದದ್ದಲ್ಲ, ಕತ್ತರಿಸಿದ ಜಾಗದಲ್ಲಿಯೇ ಮೊದಲು ಇದ್ದದ್ದು ಎಂದು ಕಂಡಿತು. ಅಂದರೆ ಮನುಷ್ಯರ ಕೋಶದಲ್ಲಿ 3′ ಕಡೆಯ ಫಾಸ್ಫೇಟನ್ನೇ ನೇರವಾಗಿ 5′ ಹೈಡ್ರಾಕ್ಸಿಲ್‌ಗೆ ಬೆಸೆಯುವ, ಅಲ್ಲಿಯವರೆಗೆ ಯಾರೂ ಕೈಗೆ ಹಿಡಿಯದ ಬೇರೆಯೇ ಒಂದು ಲೈಗೇಸ್ ಇರಬೇಕು.

ಆ ಕಿಣ್ವ ಯಾವುದೆಂದು ತಿಳಿಯಲು 28 ವರ್ಷ ಹಿಡಿಯಿತು. ಈ ನಡುವೆ ಅದು ಒಮ್ಮೆ ಕಣ್ಣೆದುರಿಗೇ ಬಂದು ಹೋಗಿತ್ತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಫಿಲಿಪೋವಿಚ್ ಅವರ ಗುಂಪು 1998ರಲ್ಲಿ ಇ. ಕೋಲಿಯಲ್ಲಿ ಆರ್‌ಎನ್‌ಎ ತುದಿಯ ಫಾಸ್ಫೇಟನ್ನು ಚಕ್ರೀಯವಾಗಿಸುವ ಕಿಣ್ವವೊಂದನ್ನು ಮತ್ತು ಅದರ ಜೀನ್ ಇರುವ ಓಪೆರಾನನ್ನು, ಅಂದರೆ ಒಟ್ಟಿಗೆ ಚಾಲೂ ಆಗುವ ಜೀನ್‌ಗಳ ಸಾಲನ್ನು, ವಿವರಿಸಿತು. ಆ ಕಿಣ್ವದ ಜೀನಿಗೆ ಆರ್‌ಟಿಸಿಎ ಎಂದು ಹೆಸರಾಯಿತು; ಅದರ ಪಕ್ಕದಲ್ಲೇ ಇದ್ದ, ಕೆಲಸವೇನೆಂದು ತಿಳಿಯದ ಇನ್ನೊಂದು ಜೀನಿಗೆ ಆರ್‌ಟಿಸಿಬಿ ಎಂದು. 2011ರಲ್ಲಿ ವಿಯೆನ್ನಾದ ಹಾವಿಯೇರ್ ಮಾರ್ಟಿನೆಸ್ ಅವರ ಪ್ರಯೋಗಾಲಯ ಹೀಲಾ ಕೋಶಗಳ ಸಾರವನ್ನು ಹಂತಹಂತವಾಗಿ ಬೇರ್ಪಡಿಸುತ್ತ ಹೋಗಿ ಕೊನೆಗೆ ಹಿಡಿದ ಪ್ರೋಟೀನ್, ಆ ಬ್ಯಾಕ್ಟೀರಿಯಾ ಜೀನಿನದೇ ಮಾನವ ರೂಪವಾಗಿತ್ತು. ಅದೇ ವರ್ಷ ನ್ಯೂಯಾರ್ಕಿನ ಸ್ಟುವರ್ಟ್ ಶೂಮನ್ ಅವರ ಪ್ರಯೋಗಾಲಯ ಇ. ಕೋಲಿಯ ಆರ್‌ಟಿಸಿಬಿಯೂ ಲೈಗೇಸ್ ಎಂದು ತೋರಿಸಿತು, ಯೇಲ್‌ನ ಡೀಟರ್ ಸೋಲ್ ಅವರ ಗುಂಪು ಬ್ಯಾಕ್ಟೀರಿಯಾಗಳಂತೆ ಕಂಡರೂ ಬೇರೆಯೇ ಕವಲಿನ ಸೂಕ್ಷ್ಮಜೀವಿಗಳಾದ ಆರ್ಕಿಯಾಗಳಲ್ಲಿ ಅದನ್ನೇ ಕಂಡಿತು.

ಆರ್‌ಟಿಸಿಬಿಯ ರಸಾಯನ ಲೈಸೀನ್ ಮನೆತನದ್ದಲ್ಲ. ಇಲ್ಲಿ ಮ್ಯಾಂಗನೀಸ್ ಅಯಾನುಗಳ ನೆರವಿನಿಂದ ಒಂದು ಹಿಸ್ಟಿಡೀನ್ ಜಿಟಿಪಿಯ ಜಿಎಂಪಿ ಭಾಗವನ್ನು ಹಿಡಿದುಕೊಳ್ಳುತ್ತದೆ. ಚಕ್ರೀಯ ಫಾಸ್ಫೇಟನ್ನು ಕಿಣ್ವವೇ ಬಿಡಿಸಿ 3′ ಫಾಸ್ಫೇಟ್ ಮಾಡುತ್ತದೆ, ಅದರ ಮೇಲೆ ಜಿಎಂಪಿಯನ್ನು ಕೂರಿಸುತ್ತದೆ, ಆಮೇಲೆ 5′ ಹೈಡ್ರಾಕ್ಸಿಲ್ ಎರಗಿ ಜಿಎಂಪಿಯನ್ನು ಹೊರದೂಡುತ್ತದೆ. ಟಿ4 ಲೈಗೇಸ್ 5′ ತುದಿಯನ್ನು ಸಜ್ಜುಗೊಳಿಸಿದರೆ ಇದು 3′ ತುದಿಯನ್ನು. ಹೊರಗಿನ ಯಕಾರ ಇಲ್ಲಿಲ್ಲ, ಹೆಚ್ಚುವರಿ ಗಂಟು ಉಳಿಯುವ ಪ್ರಶ್ನೆಯೂ ಇಲ್ಲ. ಮನುಷ್ಯರಲ್ಲಿ ಇದು ಒಂಟಿಯಾಗಿ ಇರದೆ ಡಿಡಿಎಕ್ಸ್1 ಮೊದಲಾದ ಪ್ರೋಟೀನ್‌ಗಳ ಜೊತೆ ಸಂಕೀರ್ಣವಾಗಿ ಇರುತ್ತದೆ, ಮತ್ತು ಒಂದು ಬೆಸುಗೆ ಮುಗಿಸಿ ಮುಂದಿನದಕ್ಕೆ ಹೋಗಲು ಆರ್ಕಿಯೇಸ್ ಎಂಬ ಸಹಾಯಕ ಪ್ರೋಟೀನ್ ಬೇಕಾಗುತ್ತದೆ.

ಬೆಸೆಯುವುದು ಕೋಶದೊಳಗೆ ಸಂದೇಶ ಸಾಗಿಸುವ ವಿಧಾನವೂ ಆಗಬಲ್ಲದು ಎಂಬುದು 1996ರಲ್ಲಿ ಬೆಳಕಿಗೆ ಬಂತು. ಸ್ರವಿಸಬೇಕಾದ ಪ್ರೋಟೀನ್‌ಗಳು, ಅವುಗಳನ್ನು ಮಡಚಿ ಸಿದ್ಧಗೊಳಿಸುವ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಸರಿಯಾಗಿ ಮಡಚಿಕೊಳ್ಳದೆ ರಾಶಿಬಿದ್ದಾಗ, ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿ, ಮಡಚಲು ನೆರವಾಗುವ ಪ್ರೋಟೀನ್‌ಗಳ ತಯಾರಿಕೆ ಹೆಚ್ಚುತ್ತದೆ. ಈ ವ್ಯವಸ್ಥೆ ಕೆಟ್ಟ ಯೀಸ್ಟ್ ತಳಿಗಳನ್ನು ಹುಡುಕುತ್ತಿದ್ದ ಕಾರ್ಮೆಲಾ ಸಿದ್ರಾಸ್ಕಿ, ಜೆಫ್ರಿ ಕಾಕ್ಸ್ ಮತ್ತು ಪೀಟರ್ ವಾಲ್ಟರ್ ಅವರಿಗೆ ಸಿಕ್ಕ ಒಂದು ತಳಿಯಲ್ಲಿ ಕೆಟ್ಟಿದ್ದ ಜೀನ್, ಟಿಆರ್‌ಎನ್‌ಎ ಲೈಗೇಸ್‌ನದು! ಆ ತಳಿಯಲ್ಲಿ ಟಿಆರ್‌ಎನ್‌ಎ ಬೆಸುಗೆ ಸರಿಯಾಗಿಯೇ ನಡೆಯುತ್ತಿತ್ತು. ಸುದ್ದಿ ಮುಟ್ಟುವುದು ಮಾತ್ರ ನಿಂತಿತ್ತು. ಇದರ ವಿವರ ಹೀಗಿದೆ: ರೆಟಿಕ್ಯುಲಮ್‌ನ ಪೊರೆಯಲ್ಲಿ ಕೂತ ಐಆರ್‌ಇ1 ಎಂಬ ಪ್ರೋಟೀನ್ ಸಂಕಟವನ್ನು ಅರಿತಾಗ ಎಚ್‌ಎಸಿ1 ಎಂಬ ಎಂಆರ್‌ಎನ್‌ಎಯಿಂದ 252 ಅಕ್ಷರಗಳ ಇಂಟ್ರಾನನ್ನು ಕತ್ತರಿಸುತ್ತದೆ, ಟಿಆರ್‌ಎಲ್1 ಬಂದು ಉಳಿದ ಎರಡು ಭಾಗಗಳನ್ನು ಕೂಡಿಸುತ್ತದೆ. ಇಂಟ್ರಾನ್ ಒಳಗಿರುವತನಕ ಆ ಎಂಆರ್‌ಎನ್‌ಎಯಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೆಸುಗೆಯಾದ ಬಳಿಕ ತಯಾರಾದ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಎಂಆರ್‌ಎನ್‌ಎ ಎಂದಮೇಲೆ ಸ್ಪ್ಲೈಸಿಯೋಸೋಮ್ ಎಂಬ ನಿಯಮಕ್ಕೆ ಇದು ಸ್ಪಷ್ಟ ಅಪವಾದ. ಇಡೀ ಸಂದೇಶಪಥವನ್ನು ಬಿಡಿಸಿದ್ದಕ್ಕಾಗಿ ವಾಲ್ಟರ್ ಮತ್ತು ಜಪಾನಿನ ಕಜುಟೋಶಿ ಮೋರಿ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮಲ್ಲಿ ಎಚ್‌ಎಸಿ1ರ ಸ್ಥಾನದಲ್ಲಿರುವುದು ಎಕ್ಸ್‌ಬಿಪಿ1. ಅದರ ಇಂಟ್ರಾನ್ ಬರೀ 26 ಅಕ್ಷರಗಳದು, ಮತ್ತು ಬೆಸೆಯುವುದು ಆರ್‌ಟಿಸಿಬಿ ಎಂದು 2014ರಲ್ಲಿ ಮೂರು ಗುಂಪುಗಳು ತೋರಿಸಿದವು. ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ಸುರಿಸುವ ಪ್ಲಾಸ್ಮಾ ಕೋಶಗಳಿಗೆ ದೊಡ್ಡ, ಸುಸ್ಥಿತಿಯ ರೆಟಿಕ್ಯುಲಮ್ ಬೇಕು, ಅದಕ್ಕೆ ಎಕ್ಸ್‌ಬಿಪಿ1 ಬೇಕು. ಇಲಿಗಳ ಇಂಥ ಕೋಶಗಳಲ್ಲಿ ಆರ್‌ಟಿಸಿಬಿಯನ್ನು ತೆಗೆದುಹಾಕಿದಾಗ ಪ್ರತಿಕಾಯಗಳ ಸ್ರಾವ ಕುಗ್ಗಿತು.

ಕೂಡಿಸುವ ಕಿಣ್ವಕ್ಕೆ ನಾಶದಲ್ಲಿಯೂ ಪಾಲಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯೀಸ್ಟಿನ ಟಿಆರ್‌ಎನ್‌ಎಯಿಂದ ಕತ್ತರಿಸಿಹೋದ ಇಂಟ್ರಾನಿನ 5′ ತುದಿಯೂ ಹೈಡ್ರಾಕ್ಸಿಲ್. ಟಿಆರ್‌ಎಲ್1ರ ಕೈನೇಸ್ ಭಾಗ ಅಲ್ಲಿಗೂ ಒಂದು ಫಾಸ್ಫೇಟ್ ಇಡುತ್ತದೆ, ಮತ್ತು ಎಕ್ಸ್‌ಆರ್‌ಎನ್1 ಎಂಬ ಆರ್‌ಎನ್‌ಎ ತಿನ್ನುವ ಕಿಣ್ವ ಹಿಡಿಯುವುದು 5′ ಫಾಸ್ಫೇಟ್ ಇರುವ ತುದಿಯನ್ನೇ. ಒಂದೇ ಕಿಣ್ವದ ಒಂದೇ ಕ್ರಿಯೆ ಅರ್ಧಗಳನ್ನು ಬದುಕಿಸುತ್ತದೆ, ಇಂಟ್ರಾನನ್ನು ಇಲ್ಲವಾಗಿಸುತ್ತದೆ. ಅನಿತಾ ಹಾಪರ್ ಅವರ ಪ್ರಯೋಗಾಲಯ 2014ರಲ್ಲಿ ತೋರಿಸಿದ ಸಂಗತಿ ಇದು.

ಹೀಗೆ ಎರಡು ಬೇರೆ ರಸಾಯನಗಳು ಒಂದೇ ಕೆಲಸ ಮಾಡುತ್ತವೆಯಾದರೆ ಒಂದರ ಬದಲು ಇನ್ನೊಂದನ್ನು ಇಡಬಹುದೇ? ಶೂಮನ್ ಮತ್ತು ಬೀಟೆ ಶ್ವೇರ್ ಅವರ ಗುಂಪುಗಳು ಯೀಸ್ಟಿನ ಟಿಆರ್‌ಎಲ್1ನ್ನು ತೆಗೆದು, ಒಮ್ಮೆ ಟಿ4ನ ಕೈನೇಸ್ ಮತ್ತು ಲೈಗೇಸ್ ಜೋಡಿಯನ್ನೂ, ಇನ್ನೊಮ್ಮೆ ಇ. ಕೋಲಿಯ ಆರ್‌ಟಿಸಿಬಿಯನ್ನೂ ಇಟ್ಟು ನೋಡಿದವು. ಯೀಸ್ಟ್ ಎರಡೂ ಸಲ ಬದುಕಿತು. ಆರ್‌ಟಿಸಿಬಿ ಎಚ್‌ಎಸಿ1ನ್ನೂ ಬೆಸೆಯಿತು. 2018ರಲ್ಲಿ ಇನ್ನೊಂದು ಪ್ರಯೋಗದಲ್ಲಿ, ಆ 10 ಬಗೆಯ ಟಿಆರ್‌ಎನ್‌ಎಗಳನ್ನು ಇಂಟ್ರಾನ್ ಇಲ್ಲದ ರೂಪದಲ್ಲಿ ಒದಗಿಸಿದರೆ ಯೀಸ್ಟ್ ಲೈಗೇಸ್ ಇಲ್ಲದೆಯೂ ಬದುಕುತ್ತದೆ ಎಂದು ಗೊತ್ತಾಯಿತು. ಅಂದರೆ ಜೀವ ಉಳಿಸುವ ಮಟ್ಟಿಗೆ ಅದಕ್ಕಿರುವ ಅನಿವಾರ್ಯ ಕೆಲಸ ಟಿಆರ್‌ಎನ್‌ಎಯದು ಮಾತ್ರ.

ಈ ಅದಲುಬದಲು ಪ್ರಯೋಗಗಳಿಗೆ ವೈದ್ಯಕೀಯ ಮಹತ್ವವೂ ಇದೆ. ಶಿಲೀಂಧ್ರಗಳೂ ಪ್ರಾಣಿಗಳೂ ವಿಕಾಸದ ದೃಷ್ಟಿಯಿಂದ ಹತ್ತಿರದ ಬಂಧುಗಳು. ಶಿಲೀಂಧ್ರವನ್ನು ಕೊಲ್ಲುವ, ನಮ್ಮನ್ನು ಮುಟ್ಟದ ಔಷಧ ಸಿಗುವುದು ಕಷ್ಟವಾಗಿರುವುದು ಇದೇ ಕಾರಣಕ್ಕೆ. 2021ರ ಕೋವಿಡ್ ಎರಡನೆಯ ಅಲೆಯ ಬೆನ್ನಲ್ಲೇ ಕರ್ನಾಟಕವೂ ಸೇರಿದಂತೆ ದೇಶದ ಉದ್ದಗಲ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಆಂಫೋಟೆರಿಸಿನ್ ಔಷಧಕ್ಕಾಗಿಯೇ ಮನೆಯವರು ಊರೂರು ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ಮ್ಯೂಕರ್ ಗುಂಪಿನ ಆ ಶಿಲೀಂಧ್ರಗಳಲ್ಲಿ ಇರುವುದು ಟಿಆರ್‌ಎಲ್1 ಬಗೆಯ ಲೈಗೇಸ್, ನಮ್ಮಲ್ಲಿರುವುದು ಆರ್‌ಟಿಸಿಬಿ. ಟಿಆರ್‌ಎಲ್1ನ್ನು ಮಾತ್ರ ತಡೆಯುವ ಅಣು ಸಿಕ್ಕರೆ ರೋಗಿಯ ಟಿಆರ್‌ಎನ್‌ಎಗಳಿಗೆ ತೊಂದರೆಯಾಗಬಾರದು. ಇದು ಇನ್ನೂ ಪ್ರಯೋಗಾಲಯದ ವಿಚಾರವೇ, ಆದರೂ ಗುರಿಯ ಆಯ್ಕೆ ನನಗೆ ಸರಿಯೆನಿಸುತ್ತದೆ. ಲೀಶ್ಮೇನಿಯಾ ಮತ್ತು ಟ್ರಿಪನೋಸೋಮ್ ಪರಾವಲಂಬಿಗಳ ಮೈಟೋಕಾಂಡ್ರಿಯಾದಲ್ಲಿ ಎಂಆರ್‌ಎನ್‌ಎಗೆ ಯುರಿಡೀನ್ ಎಂಬ ಅಕ್ಷರಗಳನ್ನು ಸೇರಿಸಿ ತಿದ್ದುವಾಗ ಕಡಿದ ತುದಿಗಳನ್ನು ಬೆಸೆಯುವ ಲೈಗೇಸ್‌ಗಳ ಬಗ್ಗೆಯೂ ಇದೇ ಬಗೆಯ ಹುಡುಕಾಟ ನಡೆದಿದೆ.

ಪ್ರಯೋಗಾಲಯದ ಒಳಗಿನವರಿಗೆ ಒಂದು ಮಾತು. ಸಣ್ಣ ಆರ್‌ಎನ್‌ಎಗಳ ಅನುಕ್ರಮ ಓದಲು ನಾವು ಅವುಗಳ ತುದಿಗೆ ಅಡಾಪ್ಟರ್‌ಗಳನ್ನು ಅಂಟಿಸುವುದು ಟಿ4 ಲೈಗೇಸ್‌ಗಳಿಂದಲೇ. ಹಾಗಾಗಿ ಚಕ್ರೀಯ ಫಾಸ್ಫೇಟ್ ಇರುವ ತುಂಡುಗಳು ನಮ್ಮ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ, ಅವು ಕೋಶದಲ್ಲಿ ಹೇರಳವಾಗಿದ್ದರೂ ಕೂಡ. ಅಂಕಿಅಂಶ ನೋಡಿ ತೀರ್ಮಾನಕ್ಕೆ ಬರುವ ಮುನ್ನ ತುದಿಗಳನ್ನು ನೆನೆಯಬೇಕು.

ಆರ್‌ಟಿಸಿಬಿಗೆ ಒಂದು ದೌರ್ಬಲ್ಯವಿದೆ. ಅದರ ಸಕ್ರಿಯ ಜಾಗದಲ್ಲಿರುವ ಸಿಸ್ಟೀನ್ ಆಮ್ಲಜನಕದ ಪರಿಸರದಲ್ಲಿ ಉತ್ಕರ್ಷಣೆಗೊಂಡು ಕಿಣ್ವ ಕೆಲಸ ನಿಲ್ಲಿಸುತ್ತದೆ. 2021ರಲ್ಲಿ ಮಾರ್ಟಿನೆಸ್ ಅವರ ಪ್ರಯೋಗಾಲಯವೇ, ಪೈರಾಕ್ಸ್‌ಡಿ1 ಎಂಬ ಪ್ರೋಟೀನ್ ಅದರ ಜೊತೆಗಿದ್ದು ಈ ಹಾನಿಯಿಂದ ಕಾಪಾಡುತ್ತದೆ ಎಂದು ವರದಿ ಮಾಡಿತು. ಪೈರಾಕ್ಸ್‌ಡಿ1 ಜೀನಿನ ದೋಷ ಇರುವವರಲ್ಲಿ ಸ್ನಾಯುಗಳು ದುರ್ಬಲವಾಗುವ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು.

ಟಿ4ನಲ್ಲಿರುವಂಥ, 3′ ಹೈಡ್ರಾಕ್ಸಿಲ್ ಮತ್ತು 5′ ಫಾಸ್ಫೇಟ್‌ಗಳನ್ನು ಬೆಸೆಯುವ ಕಿಣ್ವದ ಗುರುತು ಮಾನವನ ಕೋಶದಲ್ಲಿ ಬಹುಕಾಲ ಸಿಕ್ಕಿರಲಿಲ್ಲ. 2023ರಲ್ಲಿ ಜರ್ಮನಿಯ ಕಾನ್ಸ್ಟಾನ್ಸ್ ವಿಶ್ವವಿದ್ಯಾಲಯದ ಆಂದ್ರೆಯಾಸ್ ಮಾರ್ಕ್ಸ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಅದರ ಹೆಸರು ಸಿ12ಒಆರ್‌ಎಫ್29 ಎಂದಿತ್ತು. ಕೆಲಸ ತಿಳಿಯದ ಜೀನ್‌ಗೆ 12ನೆಯ ವರ್ಣತಂತುವಿನ ಮೇಲಿನ ವಿಳಾಸವನ್ನೇ ಹೆಸರಾಗಿಸಿದ್ದರು. ಆರ್‌ಟಿಸಿಬಿಯೂ ಹಿಂದೆ ಹೀಗೆಯೇ 22ನೆಯ ವರ್ಣತಂತುವಿನ ಒಂದು ವಿಳಾಸವಾಗಿತ್ತು. ಸಿ12ಒಆರ್‌ಎಫ್29ರ ಈಗಿನ ಹೆಸರು ಆರ್‌ಲಿಗ್1. ಅದನ್ನು ತೆಗೆದುಹಾಕಿದ ಕೋಶಗಳು ಉತ್ಕರ್ಷಣದ ಒತ್ತಡಕ್ಕೆ ಸಿಕ್ಕಾಗ ಬೇಗ ಸೋಲುತ್ತವೆ. ಎಟಿಪಿಯಿಂದ ಎಎಂಪಿಯನ್ನು ಹಿಡಿದು ತನಗೆ ಅಂಟಿಸಿಕೊಳ್ಳುವುದು ಅದರಲ್ಲಿಯೂ ಒಂದು ಲೈಸೀನೇ.